ಠಾಣೆ ಬಂತು

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ, ಮಾಲವಣದ ಆಚೆ ಜನವಿಲ್ಲದ ಒಂದು ಕಡಲತೀರದಿಂದ ಸ್ವಲ್ಪ ದೂರ ನೀರಿನಲ್ಲಿ, ಲಂಗರು ಹಾಕಿ ನಿಂತ ದೋಣಿಯ ಮುಂಭಾಗದಲ್ಲಿ ಕುಳಿತಿದ್ದ ಅವರು ಕೈಗಡಿಯಾರ ನೋಡಿಕೊಂಡು, "ಠಾಣೆ ಬಂತು" ಎಂದರು.

ಮುಂಬಯಿಯ ಹತ್ತಿರದ ಠಾಣೆ ಸ್ಟೇಶನ್ ಅಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರ. ಆದರೂ ದೋಣಿಯಲ್ಲಿದ್ದ ನಮಗೆಲ್ಲ ಆ ಮಾತಿನ ಅರ್ಥ ಗೊತ್ತಿತ್ತು. ಮುಖಕ್ಕೆ ದೊಡ್ಡ ಕನ್ನಡಕ, ಬಾಯಿಗೆ ಉಸಿರಾಟದ ಕೊಳವೆ ಸಿಕ್ಕಿಸಿಕೊಂಡು ನೀರಿನಲ್ಲಿ ತೇಲುತ್ತಿದ್ದ ನನ್ನ ಹೆಂಡತಿಗೂ ಗೊತ್ತಿತ್ತು. ಅವಳು ಕೊಳವೆಯನ್ನು ಬಾಯಿಂದ ತೆಗೆದು ನಕ್ಕಳು. ಆಮೇಲೆ ಎದೆಯ ಮೇಲಿದ್ದ ಲೈಫ್ ಜಾಕೆಟಿನ ಪಟ್ಟಿಗೆ ಕೈ ಹಾಕಿದಳು.

ಸಮಯವನ್ನು ನಾನು ಊಹಿಸಿ ಹೇಳುತ್ತಿಲ್ಲ. ನನ್ನ ಕೈಯಲ್ಲಿ ಕ್ಯಾಮೆರಾ ಇತ್ತು. ಅವಳು ನೀರಿನಿಂದ ಹೆಬ್ಬೆರಳು ಎತ್ತಿ ತೋರಿಸಿದ ಫೋಟೋದ ಮೂಲೆಯಲ್ಲಿ ಹತ್ತು ಮೂವತ್ತೆಂಟು ಎಂದಿದೆ. ಅದಾದ ಮೇಲಿನ ಫೋಟೋ ಇಲ್ಲ.

ಆ ಮಾತು ಗೊತ್ತಿಲ್ಲದವರಿಗೆ ಹೇಳಬೇಕು. ಡೊಂಬಿವಲಿಯಿಂದಲೇ ಹೊರಡುವ ಎಂಟು ಹನ್ನೆರಡರ ಮುಂಬಯಿ ಲೋಕಲ್ ರೈಲಿನಲ್ಲಿ ನಮ್ಮದೊಂದು ಗುಂಪಿತ್ತು. ಏಳೆಂಟು ಜನ, ಎಲ್ಲರೂ ಕನ್ನಡದವರು. ಡೊಂಬಿವಲಿಯಲ್ಲಿ ಜಾಗ ಹಿಡಿದವರು ಠಾಣೆಯ ತನಕ ಕೂರುವುದು. ಠಾಣೆ ಬಂದ ಕೂಡಲೇ ಎದ್ದು, ಅಲ್ಲಿಯವರೆಗೆ ನಿಂತಿದ್ದ ಗೆಳೆಯರನ್ನು ಕೂರಿಸುವುದು. ಇದನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಆ ಹಳಿಯ ಮೇಲೆ ದಿನಾ ಓಡಾಡುವವರು ಇದನ್ನು ಮೀರುವುದಿಲ್ಲ. ಇನ್ನೊಂದು ಪದ್ಧತಿ, ಫೋರ್ಥ್ ಸೀಟ್. ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವನು ಒಂದು ತೊಡೆ ಊರಿ, ಇನ್ನೊಂದು ತೊಡೆಯನ್ನು ದಾರಿಯಲ್ಲಿ ಬಿಟ್ಟು ಕೂರುವುದು. ಎರಡಕ್ಕೂ ನಮ್ಮ ರೈಲು ಡಬ್ಬಿಯಲ್ಲಿ ಅವರೇ ಅಧಿಪತಿ. ಎಲ್ಲರೂ ಅವರನ್ನು ಲೀಡರ್ ಎನ್ನುತ್ತಿದ್ದೆವು. ಗಾಡಿ ಠಾಣೆಯ ಹಿಂದಿನ ಸ್ಟೇಶನ್ ಕಲ್ವಾ ದಾಟುವಾಗ ಅವರು ಕಿಟಕಿಯ ಪಕ್ಕದಿಂದ ತಲೆ ಎತ್ತಿ, ವಾಚು ನೋಡಿ, "ಠಾಣೆ ಬಂತು" ಎನ್ನುತ್ತಿದ್ದರು. ಕೂತವರು ಏಳುತ್ತಿದ್ದರು, ನಿಂತವರು ಕೂರುತ್ತಿದ್ದರು. ಅವರು ಮಾತ್ರ ಏಳುತ್ತಿರಲಿಲ್ಲ. ಕಿಟಕಿಯ ಆ ಜಾಗದ ಹೆಸರು ಲೀಡರ್ ಸೀಟು.

ಹೋದ ತಿಂಗಳು ಅವರು ತೀರಿಕೊಂಡರು. ಡೊಂಬಿವಲಿ ಪೂರ್ವದ ಒಂದು ಸಣ್ಣ ಸಭಾಂಗಣದಲ್ಲಿ ಶ್ರದ್ಧಾಂಜಲಿ ಸಭೆ ಇತ್ತು. ಹೋಗಿದ್ದೆ, ಹಿಂದಿನ ಸಾಲಿನಲ್ಲಿ ಕೂತಿದ್ದೆ. ಆರೋ ಏಳೋ ಜನ ಮಾತಾಡಿದರು. ಎಲ್ಲರೂ ಒಂದೇ ಮಾತನ್ನು ಬೇರೆಬೇರೆ ರೀತಿಯಲ್ಲಿ ಹೇಳಿದರು: ಅವರು ಎಲ್ಲರಿಗೂ ಜಾಗ ಮಾಡಿಕೊಟ್ಟವರು. ರೈಲಿನಲ್ಲಿ ಜಾಗ, ಊರಿನಿಂದ ಕೆಲಸ ಹುಡುಕಿ ಬಂದವರಿಗೆ ಮಲಗಲು ಜಾಗ, ಮದುವೆ ಊಟದ ಪಂಕ್ತಿಯಲ್ಲಿ ಜಾಗ. ಸುಳ್ಳೇನಲ್ಲ. ನನಗೂ ಜಾಗ ಮಾಡಿಕೊಟ್ಟಿದ್ದರು. ಆದರೆ ಆ ಜಾಗ ಯಾರ ಮೈಯಿಂದ ಕಿತ್ತದ್ದು ಎಂದು ಒಬ್ಬರೂ ಹೇಳಲಿಲ್ಲ.

ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಅವರ ಹೆಂಡತಿ ಬಂದರು.

"ನೀವು ಎಂತ ಮಾತಾಡ್ಲಿಲ್ಲ?"

"ನನಗ ಸಭಾದಾಗ ಮಾತು ಬರಂಗಿಲ್ರೀ ಅಕ್ಕಾರ."

"ನಿಮ್ಮನ್ನು ತುಂಬ ನೆನೆಸ್ತಿದ್ದರು. ನನ್ನನ್ನು ಎಬ್ಬಿಸಿದವ ಅವನೊಬ್ಬನೇ ಅಂತ."

ಅವರು ನಗುತ್ತಾ ಹೇಳಿದರೋ ಅಳುತ್ತಾ ಹೇಳಿದರೋ ತಿಳಿಯಲಿಲ್ಲ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇನೆ. ಸಭೆಯಲ್ಲಿ ಹೇಳದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಷ್ಟು ಸಿಟ್ಟಿದ್ದೂ ಲೀಡರನ್ನು ಬಹುವಚನದಲ್ಲೇ ಬರೆಯುತ್ತಿರುವುದು ನಮ್ಮ ಮನೆಯಲ್ಲಿ ಕಲಿಸಿದ ಅಭ್ಯಾಸ. ಗೌರವ ಎಂದು ಯಾರೂ ತಿಳಿಯಬಾರದು.

ನಾನು ಬಿಜಾಪುರದ ಕಡೆಯವನು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕುರ್ಲಾದ ಒಂದು ಔಷಧ ಕಂಪನಿಯ ಲ್ಯಾಬಿಗೆ ಸೇರಿದ ಹೊಸತು. ಮೂರು ದಿನ ಡೊಂಬಿವಲಿ ಸ್ಟೇಶನ್ನಿನಲ್ಲಿ ಗಾಡಿ ಹತ್ತಲು ಆಗದೆ ನಿಂತಿದ್ದೆ. ನಾಲ್ಕನೆಯ ದಿನ ಒಳಗಿನಿಂದ ಒಂದು ಕೈ ಬಂದು ನನ್ನ ಅಂಗಿಯ ಕಾಲರ್ ಹಿಡಿದು ಎಳೆಯಿತು.

"ಬಾಗಿಲಲ್ಲಿ ನಿಂತವ ಮುಂಬ್ರಾ ಸ್ಟೇಶನ್ ಮುಟ್ಟುವುದಿಲ್ಲ ಮಾರಾಯ್ರೆ. ಒಳಗೆ ಬನ್ನಿ. ಯಾವ ಊರು?"

"ಬಿಜಾಪುರ ಕಡೇರ್ರೀ."

"ಓ, ಘಟ್ಟದವರು. ಸ್ವಲ್ಪ ಆಚೆ ಸರೀರಿ ಮೇಷ್ಟ್ರೇ, ಘಟ್ಟದವರಿಗೆ ಒಂದು ಫೋರ್ಥ್ ಸೀಟ್ ಆಗ್ಲಿ."

ಬಿಜಾಪುರದಲ್ಲಿ ಘಟ್ಟ ಎಲ್ಲಿದೆ? ಕರಾವಳಿಯವರಿಗೆ ತಮ್ಮ ಊರಿನಿಂದ ಪೂರ್ವಕ್ಕಿರುವುದೆಲ್ಲ ಘಟ್ಟ. ಅವರು ನನ್ನ ಹೆಸರು ಕೇಳಲಿಲ್ಲ; ಕೊನೆಯ ತನಕ ಘಟ್ಟದವರೇ ಎಂದು ಕರೆದರು. ಠಾಣೆಯ ನೌಪಾಡಾದಲ್ಲಿ ನನಗೊಂದು ಬಾಡಿಗೆ ಕೋಣೆ ಬೇಕೆಂದಾಗ, "ಅಲ್ಲಿ ಬೇಡ, ಘಟ್ಟದವರಿಗೆ ಠಾಣೆ ಸೆಕೆ ಆಗ್ತದೆ" ಎಂದು ಡೊಂಬಿವಲಿಯಲ್ಲೇ, ತಮ್ಮ ಕಟ್ಟಡದ ಹಿಂದಿನ ಓಣಿಯಲ್ಲಿ ಹಿಡಿಸಿಕೊಟ್ಟರು. ಡೊಂಬಿವಲಿಯಲ್ಲೇನು ಹಿಮ ಬೀಳುತ್ತಿತ್ತೇ? ಗುಂಪಿನವರು ಎಂಟು ಹನ್ನೆರಡರ ಗಾಡಿ ಬಿಟ್ಟು ಹೋಗಬಾರದು, ಅಷ್ಟೇ.

ಅವರು ದಾದರ್ ಬಳಿಯ ಒಂದು ಕಚೇರಿಯಲ್ಲಿ ಕ್ಯಾಂಟೀನ್ ಮ್ಯಾನೇಜರ್. ಕುಳ್ಳು, ಗಟ್ಟಿ ಮೈ, ಕಿವಿಯಲ್ಲಿ ಕೂದಲು. ಇಸ್ತ್ರಿ ಹಾಕಿದ ಚೌಕಳಿ ಕರವಸ್ತ್ರ ಯಾವಾಗಲೂ ಕೈಯಲ್ಲಿ. ಖಾಲಿ ಗಾಡಿ ಪ್ಲಾಟ್‌ಫಾರ್ಮಿಗೆ ಬರುವಾಗ, ಅದು ಇನ್ನೂ ಓಡುತ್ತಿರುವಂತೆಯೇ, ಆ ಕರವಸ್ತ್ರವನ್ನು ಕಿಟಕಿಯ ಸರಳುಗಳ ನಡುವಿನಿಂದ ತೂರಿ ಸೀಟಿನ ಮೇಲೆ ಬೀಳಿಸುತ್ತಿದ್ದರು. ಗುರಿ ತಪ್ಪಿದ್ದು ನಾನು ನೋಡಿಲ್ಲ. ಎಂಟು ಲೋಟದ ಚಹಾವನ್ನು ಒಂಬತ್ತು ಲೋಟಕ್ಕೆ ಸುರಿದು, ಒಂದರಲ್ಲೂ ಕಡಿಮೆ ಕಾಣದಂತೆ ನೊರೆ ಎಬ್ಬಿಸುವುದು ಅವರಿಗೆ ಬರುತ್ತಿತ್ತು. "ಅದು ಕೈಯಲ್ಲಿ ಉಂಟು" ಎಂದು ಕೈಯನ್ನೇ ನೋಡಿಕೊಳ್ಳುತ್ತಿದ್ದರು. ಯಾವುದನ್ನು ಕಂಡರೂ ಅದರಲ್ಲಿ ಇನ್ನೂ ಒಬ್ಬರು ಹಿಡಿಯುತ್ತಾರೆ ಎನ್ನುವುದು ಅವರ ಲೆಕ್ಕ. ಲಿಫ್ಟಿನಲ್ಲಿ ಆರು ಜನ ಎಂದು ಬರೆದಿದ್ದರೆ ಏಳನೆಯವರನ್ನು ಹೊರಗಿನಿಂದ ಹುಡುಕಿ ತರುವವರು. ರಿಕ್ಷಾದಲ್ಲಿ ಡ್ರೈವರನ ಪಕ್ಕ ಇಬ್ಬರು. ಯಾರಾದರೂ ಗೊಣಗಿದರೆ, "ಹಿಡಿಯುವುದಿಲ್ಲ ಅಂತ ಯಾರು ಹೇಳಿದ್ದು, ಸೀಟು ಹೇಳಿತೋ?" ಎನ್ನುತ್ತಿದ್ದರು.

ಎಲ್ಲದಕ್ಕೂ ಮೇಲೆ, ಕಡಲು. ಅವರ ಮಾತು ಎಲ್ಲಿ ಶುರುವಾದರೂ ಕಡಲಿಗೆ ಹೋಗಿ ನಿಲ್ಲುತ್ತಿತ್ತು. ಉಡುಪಿಯ ಬಳಿ ಹುಟ್ಟಿದವರು, ನಾಲ್ಕನೆಯ ವಯಸ್ಸಿಗೆ ಮುಂಬಯಿಗೆ ಬಂದವರು. ಆದರೆ, "ನಮಗೆ ಸಮುದ್ರ ಅಂದ್ರೆ ಮನೆಯ ಹಿತ್ತಿಲು. ನಿಮಗೆ ಘಟ್ಟದವರಿಗೆ ನೀರು ಅಂದ್ರೆ ಕೊಡಪಾನ" ಎಂದು ಇಡೀ ಡಬ್ಬಿಗೆ ಕೇಳುವಂತೆ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ. ನಮ್ಮ ಊರಲ್ಲಿ ನಿಜಕ್ಕೂ ಕೊಡ ಹೊತ್ತೇ ನೀರು ತರುತ್ತಿದ್ದುದು. ನಗದೆ ಏನು ಮಾಡಲಿ?

ನನ್ನ ಮದುವೆಯಾಗಿ ಎಂಟು ತಿಂಗಳಿಗೆ, ಒಂದು ಡಿಸೆಂಬರಿನಲ್ಲಿ, ಅವರು ಪ್ರವಾಸ ಹೊರಡಿಸಿದರು. ಎಲ್ಲರೂ ಹೋಗುವ ಬೀಚಲ್ಲ, ಒಬ್ಬ ಪರಿಚಿತರು ಹೇಳಿದ ಸದ್ದಿಲ್ಲದ ಜಾಗ. ನೀರು ತಿಳಿ, ಕೆಳಗೆ ಬಂಡೆ, ಬಣ್ಣದ ಮೀನು. ಮುಖ ಮುಳುಗಿಸಿ ತೇಲುತ್ತಾ ನೋಡಬಹುದು. ಒಂಬತ್ತು ಜನ ಹೊರಟೆವು: ಅವರು ಮತ್ತು ಅವರ ಹೆಂಡತಿ, ನಾನು ಮತ್ತು ನನ್ನ ಹೆಂಡತಿ, ಠಾಕುರ್ಲಿಯ ಮೇಷ್ಟ್ರು, ಉಳಿದ ನಾಲ್ವರು ಡಬ್ಬಿಯ ಗೆಳೆಯರು. ನನ್ನ ಹೆಂಡತಿ ಅಲ್ಲಿಯವರೆಗೆ ಸಮುದ್ರವನ್ನು ದಾದರ್ ಚೌಪಾಟಿಯಲ್ಲಿ ನಿಂತು ನೋಡಿದ್ದಳಷ್ಟೇ. ಈ ಕಡಲತೀರ ಕಂಡು, "ಇಷ್ಟು ಸ್ವಚ್ಛ ಇರ್ತದೇನ್ರೀ ಸಮುದ್ರ" ಎಂದಳು. ಮರಳಿನ ಮೇಲೆ ಏಡಿಗಳು ಓಡಿದ ಗೀರು ಬಿಟ್ಟರೆ ಬೇರೆ ಗುರುತಿರಲಿಲ್ಲ. ಗಾಳಿಮರಗಳ ಕೆಳಗೆ ಒಂದೇ ಒಂದು ಗುಡಿಸಲು, ಒಂದು ದೋಣಿ.

ದೋಣಿಯವನು ಐವತ್ತರ ಆಸುಪಾಸಿನ ಒಣಕಲು ಮನುಷ್ಯ. ಮಾಲವಣಿ ಮರಾಠಿಯಲ್ಲಿ ಕಡಿಮೆ ಮಾತು. ಆರು ಜಾಕೆಟುಗಳಿವೆ, ಆರು ಜನ ಮಾತ್ರ ಬರಬೇಕು, ನೀರಿನಲ್ಲಿ ತೇಲುವ ರಬ್ಬರಿನ ದೊಡ್ಡ ಬಳೆ ಹಿಡಿದುಕೊಂಡು ಒಂದು ಸಲಕ್ಕೆ ಮೂವರು, ಮಿಕ್ಕವರು ಒಂದು ಗಂಟೆ ಕಾದರೆ ಅವನ ತಮ್ಮನ ದೋಣಿ ಬರುತ್ತದೆ, ಅದರಲ್ಲಿ ಇನ್ನಷ್ಟು ಜಾಕೆಟುಗಳಿವೆ ಎಂದ.

ಒಂದು ಗಂಟೆ ಕಾಯುವುದು. ಅದೂ ನಮ್ಮ ಲೀಡರ್.

"ಭಾವು, ಆಮ್ಹೀ ಡೊಂಬಿವಲೀಕರ" ಎಂದರು. ಅಣ್ಣಾ, ನಾವು ಡೊಂಬಿವಲಿಯವರು. ಅದರಲ್ಲೇ ಎಲ್ಲ ಬಂತು ಎನ್ನುವ ಹಾಗೆ. ಆಮೇಲೆ ಅವನ ಹೆಗಲ ಮೇಲೆ ಕೈ ಹಾಕಿ ಗುಡಿಸಲ ಹಿಂದಕ್ಕೆ ಕರೆದುಕೊಂಡು ಹೋದರು. ಏನು ಮಾತಾಡಿದರೋ, ತಿರುಗಿ ಬಂದಾಗ ಒಂಬತ್ತೂ ಜನ ದೋಣಿ ಹತ್ತುವುದು ನಿಶ್ಚಯವಾಗಿತ್ತು. ದೋಣಿಯವನು ನಮ್ಮ ಮುಖ ನೋಡುತ್ತಿರಲಿಲ್ಲ.

"ಜಾಕೆಟ್ ನೀರಲ್ಲಿ ಇರುವವರಿಗೆ. ದೋಣಿಯಲ್ಲಿ ಕೂತವರಿಗೆ ಎಂತಕ್ಕೆ? ಹದಿನೈದು ನಿಮಿಷ ಒಂದು ಬ್ಯಾಚು, ನಾನು ಠಾಣೆ ಬಂತು ಅಂದ ಕೂಡಲೇ ಬದಲಿ."

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಎಂ.ಎಸ್ಸಿ. ಓದಿದ ನಾನು, ದಿನಾ ಮಿಲಿಲೀಟರ್ ಅಳೆಯುವ ಕೆಲಸದವನು, ಒಂಬತ್ತರಿಂದ ಆರನ್ನು ಕಳೆಯಲಿಲ್ಲ. ದಿನವೂ ನಡೆಯುವ ಪದ್ಧತಿ ಅದು, ಯಾರಿಗೂ ಅಪಾಯವಾದದ್ದಿಲ್ಲ. ಸಮುದ್ರದಲ್ಲೂ ನಡೆಯುತ್ತದೆ ಎನಿಸಿತು.

ಬಳೆಗೆ ಮೂವರ ಬದಲು ನಾಲ್ವರನ್ನು ಇಳಿಸಿದರು. ನಾಲ್ಕನೆಯವರು ಮೇಷ್ಟ್ರು, ಗುಂಪಿನಲ್ಲೇ ಭಾರದ ಆಸಾಮಿ. "ಮೇಷ್ಟ್ರಿಗೆ ಫೋರ್ಥ್ ಸೀಟ್." ನಾನು ಹೆಂಡತಿಯ ಜೊತೆ ಇಳಿಯುತ್ತೇನೆಂದಾಗ, "ಗಂಡ ಹೆಂಡತಿ ಒಟ್ಟಿಗೆ ಇಳಿದ್ರೆ ಫೋಟೋ ತೆಗೆಯುವುದು ಯಾರು, ಮೀನೋ?" ಎಂದರು. ಹೀಗೆ ನಾಲ್ಕು ಜಾಕೆಟು ನೀರಿಗೆ ಹೋದವು. ಐದನೆಯದು ಅವರ ಹೆಂಡತಿಯ ಮೈಮೇಲೆ. ಆರನೆಯದನ್ನು ಅವರು ದಡದಲ್ಲೇ ತೊಟ್ಟುಕೊಂಡಿದ್ದರು, ಮೂರೂ ಪಟ್ಟಿ ಬಿಗಿದು. ನೀರಿಗಿಳಿಯುವ ಮಾತನ್ನೇ ಅವರು ಎತ್ತಲಿಲ್ಲ. ಜಾಕೆಟ್ ಬಿಚ್ಚಲೂ ಇಲ್ಲ. ಅದನ್ನು ನಾನು ಆಗ ನೋಡಿದ್ದೆ, ಆದರೆ ಲೀಡರ್ ಸೀಟನ್ನು ನೋಡಿ ನೋಡಿ ಅಭ್ಯಾಸವಾದ ಕಣ್ಣು.

ಹತ್ತು ನಲವತ್ತು. "ಠಾಣೆ ಬಂತು."

ನನ್ನ ಹೆಂಡತಿ ಏಣಿಯ ಹತ್ತಿರ ಬಂದಳು. ಕಬ್ಬಿಣದ ಸಣ್ಣ ಏಣಿ, ದೋಣಿಯ ಜೊತೆ ಓಲಾಡುತ್ತಿತ್ತು. ಒಂದು ಸಲ ಕಾಲಿಟ್ಟಳು, ಜಾರಿತು.

"ಮೊದಲು ಜಾಕೆಟ್ ಮೇಲೆ ಕೊಡಿ, ಆಮೇಲೆ ನೀವು ಬನ್ನಿ," ಎಂದರು ಲೀಡರ್. "ದಪ್ಪ ಜಾಕೆಟ್, ಏಣಿಗೆ ಸಿಕ್ಕಿಕೊಳ್ತದೆ. ಬೇಗ ಬೇಗ."

ಅವಳು ಒಂದು ಕೈಯಲ್ಲಿ ಬಳೆ ಹಿಡಿದು ಇನ್ನೊಂದರಲ್ಲಿ ಪಟ್ಟಿ ಬಿಚ್ಚಿದಳು. ಜಾಕೆಟನ್ನು ತಲೆಯ ಮೇಲೆತ್ತಿ ಕೊಟ್ಟಳು. ತೆಗೆದುಕೊಂಡದ್ದು ನಾನು. ಕ್ಯಾಮೆರಾವನ್ನು ಪಕ್ಕಕ್ಕಿಟ್ಟು, ಎರಡೂ ಕೈಚಾಚಿ ತೆಗೆದುಕೊಂಡೆ. ಒಳಭಾಗ ಅವಳ ಮೈಯಿಂದ ಇನ್ನೂ ಬೆಚ್ಚಗಿತ್ತು. ನನ್ನ ಬಲಗೈಯನ್ನು ಅದರ ತೋಳಿನ ಕಂಡಿಗೆ ತೂರಿಸುತ್ತಿದ್ದೆ.

ಅಷ್ಟರಲ್ಲಿ ಮೇಷ್ಟ್ರು ಏಣಿಯ ಕಡೆ ಬರಲೆಂದು ಬಳೆಯ ಮೇಲೆ ಭಾರ ಹಾಕಿದರು. ಬಳೆ ಒಂದು ಕಡೆ ಎದ್ದು ತಿರುಗಿತು. ಅವಳ ಕೈ ತಪ್ಪಿತು.

ಮುಳುಗುವವರು ಕೂಗುತ್ತಾರೆ ಎಂದುಕೊಂಡಿದ್ದೆ. ಅವಳು ಕೂಗಲಿಲ್ಲ. ಕನ್ನಡಕ ಮೂಗನ್ನು ಮುಚ್ಚಿತ್ತು, ಬಾಯಿ ನೀರಿನ ಮಟ್ಟದಲ್ಲಿತ್ತು. ಎರಡು ಸಲ ಮುಖ ಮೇಲೆ ಬಂತು, ಗಾಜಿನ ಒಳಗೆ ಕಣ್ಣುಗಳು ನನ್ನನ್ನು ನೋಡಿದವು. ಮೂರನೆಯ ಸಲ ಬರಲಿಲ್ಲ. ದೋಣಿಯವನು ಆಚೆ ಬದಿಯಿಂದ ಬಗ್ಗಿ ಇನ್ನೊಬ್ಬರ ಕನ್ನಡಕದೊಳಗಿನ ನೀರು ಚೆಲ್ಲಿಸುತ್ತಿದ್ದ. ನಾನು ಒಂದು ತೋಳು ಜಾಕೆಟಿನೊಳಗೆ, ಒಂದು ತೋಳು ಹೊರಗೆ, ದೋಣಿಯ ಅಂಚಿನಿಂದ ಬಗ್ಗಿ ಅವಳ ಹೆಸರು ಕೂಗುತ್ತಿದ್ದೆ. ನನಗೆ ಈಜು ಬರುವುದಿಲ್ಲ. ಹಾರಲಿಲ್ಲ. ಇದನ್ನು ಎಷ್ಟು ಸಲ ಮನಸ್ಸಿನಲ್ಲಿ ತಿರುಗಿಸಿದರೂ ನಾನು ಹಾರುವುದಿಲ್ಲ.

"ಹೆದರ್ಬೇಡಿ, ಹೆದರ್ಬೇಡಿ. ಉಪ್ಪುನೀರು ಎತ್ತಿ ಹಾಕ್ತದೆ," ಎಂದು ಲೀಡರ್ ಕೂತಲ್ಲಿಂದಲೇ ಹೇಳಿದರು. ದೋಣಿಯಲ್ಲಿ ಮೈತುಂಬ ಜಾಕೆಟ್ ತೊಟ್ಟ ಏಕೈಕ ಗಂಡಸು. ಒಂದು ಕೈಯಿಂದ ದೋಣಿಯ ಹಗ್ಗ ಹಿಡಿದಿದ್ದರು, ಇನ್ನೊಂದು ಕೈಯ ವಾಚು ನೋಡುತ್ತಿದ್ದರು.

ಎದ್ದದ್ದು ಅವರ ಹೆಂಡತಿ. ಆ ಹೆಂಗಸು ತಮ್ಮ ಜಾಕೆಟ್ ಬಿಚ್ಚಿ ನೀರಿಗೆ ಎಸೆದರು, ಮತ್ತು ದೋಣಿಯವನ ಬೆನ್ನಿಗೆ ಗುದ್ದಿ ಗುದ್ದಿ ಈ ಕಡೆ ತೋರಿಸಿದರು. ಅವನು ಹಾರಿದ. ಮೇಲೆ ಬಂದಾಗ ನನ್ನ ಹೆಂಡತಿಯ ಕೂದಲು ಅವನ ಮುಷ್ಟಿಯಲ್ಲಿತ್ತು. ದೋಣಿಯ ಅಡಿಗೆ ಹೋಗಿದ್ದಳಂತೆ.

ಅವಳನ್ನು ಕವುಚಿ ಹಾಕಿ ಬೆನ್ನು ಒತ್ತುತ್ತಾ ದೋಣಿಯವನು ಕಿರುಚಿದ: "ಜಾಕೀಟ ಕುಣೀ ಕಾಢಲಂ?" ಜಾಕೆಟ್ ತೆಗೆದವರು ಯಾರು?

ಲೀಡರ್ ಶಾಂತವಾಗಿ ಉತ್ತರಿಸಿದರು: "ತಿನೇಚ ಕಾಢಲಂ." ಅವಳೇ ತೆಗೆದಳು.

ಅವಳು ನೀರು ಕಾರುತ್ತಿದ್ದಳು. ಆದರೆ ಆ ಎರಡು ಪದ ಅವಳ ಕಿವಿಗೆ ಹೋದವು.

ದಡಕ್ಕೆ ಬಂದ ಮೇಲೆ ಅವರು ಹೇಳಿದ ಮಾತುಗಳನ್ನೂ ಬರೆದುಬಿಡುತ್ತೇನೆ. "ಒಂದು ನಿಮಿಷವೂ ಆಗ್ಲಿಲ್ಲ, ನಾನು ವಾಚು ನೋಡಿದ್ದೇನೆ." "ಒಂದು ಲೋಟ ಸೋಲ್‌ಕಢಿ ಕುಡಿದ್ರೆ ಸರಿಯಾಗ್ತದೆ." ಸರಿಯಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಉಸಿರು ಏದುಸಿರಾಯಿತು, ತುಟಿ ಕಪ್ಪಾಯಿತು. ಪೇಟೆಯ ಆಸ್ಪತ್ರೆಗೆ ಸೇರಿಸಿದೆವು. ಶ್ವಾಸಕೋಶಕ್ಕೆ ನೀರು ಹೋಗಿದೆ, ನಾಳೆಯವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಲೀಡರ್ ಆಸ್ಪತ್ರೆಯ ಬಾಗಿಲಲ್ಲಿ ನಿಂತು ನನ್ನ ಭುಜ ತಟ್ಟಿದರು. "ಏಳು ಜನ ಇಲ್ಲಿ ನಿಂತು ಎಂತ ಮಾಡುವುದು ಘಟ್ಟದವರೇ? ನಮಗೆ ಗಾಡಿಗೆ ಹೊತ್ತಾಯ್ತು." ಹೋದರು. ಅವರ ಹೆಂಡತಿ ಉಳಿಯುತ್ತೇನೆಂದರು, ಅವರು ತುಳುವಿನಲ್ಲಿ ಏನೋ ಗದರಿಸಿ ಕರೆದುಕೊಂಡು ಹೋದರು. ಹೋಗುವಾಗ ಆಕೆ ತಮ್ಮ ಶಾಲು ಬಿಟ್ಟು, ನನ್ನ ಕಿವಿಯ ಹತ್ತಿರ, "ಅವರಿಗೆ ಈಜು ಬರುವುದಿಲ್ಲ. ಹೊಳೆ ದಾಟುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚುವ ಜನ ಅವರು" ಎಂದರು. ಅದನ್ನು ಹೇಳಿದ್ದು ಕ್ಷಮೆ ಕೇಳಲಿಕ್ಕೋ, ಅವಮಾನಕ್ಕೋ, ಈವತ್ತಿಗೂ ನಾನು ನಿರ್ಧರಿಸಿಲ್ಲ.

ಮೂರನೆಯ ದಿನ ಬಸ್ಸಿನಲ್ಲಿ ಡೊಂಬಿವಲಿಗೆ ಬಂದೆವು. ಜೀವ ಉಳಿದಿತ್ತು. ಆದರೆ ಅವಳು ತಲೆಗೆ ನೀರು ಹಾಕಿಕೊಳ್ಳುವುದನ್ನು ಬಿಟ್ಟಳು. ಒದ್ದೆ ಬಟ್ಟೆಯಿಂದ ಕೂದಲು ಒರೆಸಿಕೊಳ್ಳುತ್ತಿದ್ದಳು. ಮಗ್ಗು ಎತ್ತಿದರೆ ಕೈ ನಿಲ್ಲುತ್ತಿತ್ತು. ಒಂದು ತಾಸು ಮಲಗಿದರೆ ಎದ್ದು ಕೂರುತ್ತಿದ್ದಳು. ಅವಳು ಮಲಗಿದಾಗ ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ಇಬ್ಬರೂ ಸರಿಯಾಗಿ ನಿದ್ದೆ ಮಾಡಿದ್ದು ಇಲ್ಲವೆನ್ನುವಂತೆ ಎರಡು ತಿಂಗಳು ಕಳೆದವು.

"ತಪ್ಪು ನಂದ ಅಲ್ಲೇನ್ರೀ," ಎನ್ನುತ್ತಿದ್ದಳು. "ನಾನೇ ತಗದ್ನಲ್ಲ."

"ಅವರು ಹೇಳಿದ್ದಕ್ಕ ತಗದಿ."

"ಅವರು ಹೇಳಿದ್ರು ಅಂತ ನೀವು ಹೇಳ್ತೀರಿ. ಅವರು ಹಂಗ ಹೇಳಂಗಿಲ್ಲಲ್ಲ."

ನನ್ನ ಮಾತು ಅವಳಿಗೆ ಸಾಕ್ಷಿಯಲ್ಲ, ಸಮಾಧಾನ. ಗಂಡ ಹೇಳುವ ಸಮಾಧಾನಕ್ಕೆ ಎಷ್ಟು ಬೆಲೆ? ಬೇರೆ ಯಾರಾದರೂ, ದೋಣಿಯಲ್ಲಿದ್ದವರು, ಅದನ್ನು ಹೇಳಬೇಕಿತ್ತು.

ನಾನು ಗಾಡಿ ಬದಲಿಸಿದ್ದೆ. ಎಂಟು ಇಪ್ಪತ್ತರದ್ದಕ್ಕೆ ಹೋಗುತ್ತಿದ್ದೆ, ಕುರ್ಲಾದ ತನಕ ನಿಂತು. ಒಂದು ದಿನ ಮೇಷ್ಟ್ರು ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕರು, ನೆಲ ನೋಡುತ್ತಾ ಮಾತಾಡಿದರು. ಡಬ್ಬಿಯಲ್ಲಿ ಆ ದಿನದ ಕಥೆ ಈಗಲೂ ನಡೆಯುತ್ತಿದೆ ಎಂದರು. ಲೀಡರ್ ಅದನ್ನು ಅಭಿನಯಿಸಿ ಹೇಳುತ್ತಾರಂತೆ. ಘಟ್ಟದ ಹೆಂಗಸು ಬಚ್ಚಲಿಗೆ ಇಳಿದ ಹಾಗೆ ಸಮುದ್ರಕ್ಕಿಳಿದು, ಜಾಕೆಟ್ ಬಿಚ್ಚಿ ಗಂಡನ ಕೈಗೆ ಕೊಟ್ಟಳು, ಸ್ನಾನಕ್ಕೆ ಸೀರೆ ಕೊಟ್ಟ ಹಾಗೆ. ಇಲ್ಲಿ ಎಲ್ಲರೂ ನಗುತ್ತಾರೆ.

"ನೀವೂ ನಗ್ತೀರೇನ್ರೀ ಮೇಷ್ಟ್ರ?"

ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. ಕುಂದಾಪುರದ ಕಡೆಯವರು, ಮೆತ್ತನೆಯ ಜೀವ. ಬಳೆ ತಿರುಗಿದ್ದು ತಮ್ಮ ಭಾರಕ್ಕೆ ಎಂಬುದು ಅವರಿಗೆ ಗೊತ್ತಿತ್ತು.

ಆ ಫೆಬ್ರವರಿಯ ಒಂದು ಗುರುವಾರ ನಾನು ಮತ್ತೆ ಎಂಟು ಹನ್ನೆರಡಕ್ಕೆ ಹೋದೆ. ಏನು ಮಾಡಬೇಕೆಂದು ಯೋಚಿಸಿ ಹೋಗಿರಲಿಲ್ಲ. ಅವರು ಕಿಟಕಿಯಲ್ಲಿದ್ದರು.

"ಓಹೋ, ಬಂದ್ರಾ ಘಟ್ಟದವರು. ಒಣಗಿದ್ರಾ?"

ಎರಡು ಮೂರು ಜನ ನಕ್ಕರು. ನಾನು ಅವರ ಎದುರಿಗೆ, ಎರಡು ಬೆಂಚುಗಳ ನಡುವೆ ನಿಂತೆ. ಕೋಪರ್ ಹೋಯಿತು, ದಿವಾ ಹೋಯಿತು, ಮುಂಬ್ರಾದ ಗುಡ್ಡ ಹೋಯಿತು. ಅವರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಕಲ್ವಾ. ಅವರು ವಾಚು ನೋಡಲು ಕೈ ಎತ್ತಿದರು. ಅಷ್ಟರಲ್ಲಿ ನನ್ನ ಬಾಯಿಂದ ಬಂತು.

"ಠಾಣೆ ಬಂತು. ಏಳ್ರಿ ಲೀಡರ್."

ಅವರು ನಕ್ಕರು. "ಇದು ಲೀಡರ್ ಸೀಟು ಮಾರಾಯ್ರೆ."

"ಗೊತ್ತೈತ್ರಿ. ಏಳ್ರಿ."

"ನನ್ನ ಮೊಣಗಂಟು..."

"ಅವತ್ತು ನೀವು ಠಾಣೆ ಬಂತು ಅಂದ್ರಿ. ಆಕಿ ತಗದು ಕೊಟ್ಟಳು. ನೀವು ನಿಮ್ಮದು ತಗೀಲಿಲ್ಲ. ಈಗ ಏಳ್ರಿ."

"ಅದು ಅವರೇ ತೆಗ್ದದ್ದು. ನಾನು ಹೇಳಿದ್ದೇನಾ? ಇಷ್ಟು ಜನ ಇದ್ರಲ್ಲ, ಕೇಳಿ."

ಅವರು ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಬಂದರು, ಕ್ಯಾಂಟೀನಿನಲ್ಲಿ ಯಾರ ಲೋಟ ಖಾಲಿ ಎಂದು ನೋಡುವ ಹಾಗೆ. ಕೊನೆಗೆ ಬೆಂಚಿನ ತುದಿಯಲ್ಲಿ ಒಂದು ತೊಡೆ ಊರಿ ಕೂತಿದ್ದ ಮೇಷ್ಟ್ರ ಮೇಲೆ ಕಣ್ಣು ನಿಂತಿತು.

"ನೀವು ಹೇಳಿದ್ದಕ್ಕೇ ಅವರು ತೆಗೆದದ್ದು," ಎಂದರು ಮೇಷ್ಟ್ರು. ದನಿ ಬಹಳ ಸಣ್ಣಗಿತ್ತು. "ಮೊದಲು ಜಾಕೆಟ್ ಕೊಡಿ ಅಂದ್ರಿ. ನಾನು ನೀರಲ್ಲೇ ಇದ್ದೆ, ಕೇಳಿದ್ದೇನೆ." ಆಮೇಲೆ, "ಬಳೆ ಮಗುಚಿದ್ದು ನಾನು. ಅದನ್ನೂ ಹೇಳ್ಬೇಕಿತ್ತು, ಹೇಳ್ಲಿಲ್ಲ. ಠಾಣೆ ಬಂತು ಲೀಡರ್, ಏಳಿ."

ಗಾಡಿ ನಿಂತಿತು. ಹತ್ತುವವರು ಹತ್ತಿದರು, ಇಳಿಯುವವರು ಇಳಿದರು. ಅವರು ಎದ್ದರು. ಮೊಣಕಾಲ ಮೇಲೆ ಕೈಯೂರಿ, ಒಂದು ಸಲಕ್ಕೆ ಆಗದೆ ಎರಡನೆಯ ಸಲಕ್ಕೆ ಎದ್ದರು. ನಾನು ಕೂತೆ. ಅವರ ಸೀಟು ಬೆಚ್ಚಗಿತ್ತು. ನನಗೆ ಒಮ್ಮೆಲೇ ಆ ಜಾಕೆಟ್ ನೆನಪಾಯಿತು, ಆದರೂ ಏಳಲಿಲ್ಲ. ಅವರು ಮೇಲಿನ ಹಿಡಿಕೆ ಹಿಡಿದು ನಿಂತರು. ಕುಳ್ಳು ಮನುಷ್ಯ, ಹಿಡಿಕೆ ಎಟುಕಲು ಹಿಮ್ಮಡಿ ಎತ್ತಬೇಕಾಗಿತ್ತು. ಅಷ್ಟು ವರ್ಷಗಳಲ್ಲಿ ಅವರು ಅಲ್ಲಿ ನಿಂತದ್ದನ್ನೇ ನಾವು ಕಂಡಿರಲಿಲ್ಲವಾದ್ದರಿಂದ ಅದೂ ಗೊತ್ತಿರಲಿಲ್ಲ. ಕ್ಷಮಿಸಿ ಎನ್ನಲಿಲ್ಲ. ಕುರ್ಲಾದ ತನಕ ಹಾಗೆಯೇ ನಿಂತಿದ್ದರು. ನಾನು ಇಳಿಯುವಾಗ ಮಾತ್ರ, ಖಾಲಿಯಾದ ಸೀಟಿಗೆ ಕರವಸ್ತ್ರ ಎಸೆದರು. ಗುರಿ ತಪ್ಪಲಿಲ್ಲ.

ಮರುದಿನದಿಂದ ಅವರು ಎಂದಿನಂತೆ ಕಿಟಕಿಯಲ್ಲಿದ್ದರಂತೆ. ನಾನು ಆ ಗಾಡಿಗೆ ಮತ್ತೆ ಹೋಗಲಿಲ್ಲ; ಆ ತಿಂಗಳೇ ಅವರ ಕಟ್ಟಡದ ಹಿಂದಿನ ಓಣಿಯ ಕೋಣೆಯನ್ನೂ ಬಿಟ್ಟೆವು. ಅವರ ಮುಖವನ್ನು ಅದೇ ಕೊನೆಯ ಸಲ ನೋಡಿದ್ದು, ಹೋದ ತಿಂಗಳು ಹೂವಿನ ಹಾರ ಹಾಕಿದ ಫೋಟೋದಲ್ಲಿ ನೋಡುವ ತನಕ.

ಆ ಗುರುವಾರ ಸಂಜೆ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮೇಷ್ಟ್ರು ಎಲ್ಲಾರ ಮುಂದ ಹಂಗಂದ್ರೇನು?"

"ಅಂದ್ರು."

"ನೀವು ಹೇಳಿಕೊಟ್ರೇನು?"

"ಇಲ್ಲ."

ಅವಳು ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟಳು.

"ಅವರು ಎಷ್ಟೊತ್ತು ನಿಂತ್ರು?"

"ನಾ ನೋಡೂತನಾ, ಕುರ್ಲಾತನಾ. ಇಪ್ಪತ್ತು ನಿಮಿಷ ಇರಬೇಕು."

"ನಾ ನೀರಾಗ ಎಷ್ಟೊತ್ತಿದ್ದೆ?"

"ಒಂದೂವರಿ ನಿಮಿಷ. ಎರಡು."

ಅವಳು ಮೊರವನ್ನು ಕೆಳಗಿಟ್ಟು ಲೆಕ್ಕ ಹಾಕುವವಳ ಹಾಗೆ ಗೋಡೆ ನೋಡಿದಳು.

"ಹಂಗಾದ್ರ ಸಾಕು ಬಿಡ್ರಿ," ಎಂದಳು.

ಎದ್ದು ಬಚ್ಚಲಿಗೆ ಹೋದಳು. ನಾನು ಬಾಗಿಲ ಹೊರಗೆ ನಿಂತೆ. ಬಕೆಟ್ ತುಂಬುವ ಸದ್ದು ಬಂತು, ನಲ್ಲಿ ನಿಂತಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಮಗ್ಗು ನೀರು ತಲೆಯ ಮೇಲಿಂದ ನೆಲಕ್ಕೆ ಬಿದ್ದ ಸದ್ದು. ಉಸಿರು ಎಳೆದುಕೊಂಡದ್ದು ಕೇಳಿಸಿತು. ಇನ್ನೊಂದು ಮಗ್ಗು.

ಶುಕ್ರವಾರ ನಮಗೆ ಎಚ್ಚರವಾದಾಗ ಹಾಲಿನವನು ಚೀಲವನ್ನು ಬಾಗಿಲ ಹಿಡಿಕೆಗೆ ಸಿಕ್ಕಿಸಿ ಹೋಗಿಯಾಗಿತ್ತು. ಅವಳ ಕೂದಲು ಇನ್ನೂ ಪೂರ್ತಿ ಒಣಗಿರಲಿಲ್ಲ. ಗಡಿಯಾರ ನೋಡಿದೆ, ಎಂಟು ಮೂವತ್ತೈದು. ಎಂಟು ಹನ್ನೆರಡೂ ಹೋಗಿತ್ತು, ಎಂಟು ಇಪ್ಪತ್ತೂ ಹೋಗಿತ್ತು.